ವಾರದ ಗುಳಿಗೆ

ಮಾಸೂರಿನ ಕಂಪೌಂಡರ್ ಹಾಲೇಶನಿಗೆ ಕಿವಿ ಮಂದವಾಗಿದೆ ಎಂದು ಊರಲ್ಲಿ ಸುದ್ದಿ. ಔಷಧಿ ಕೊಡುವ ಕಿಂಡಿಯಲ್ಲಿ ನಿಂತು ಗುಳಿಗೆಯ ಪೊಟ್ಟಣ ಮುಂದೆ ಚಾಚುತ್ತಾನೆ, ಹೇಗೆ ನುಂಗಬೇಕೆಂದು ಹೇಳುತ್ತಾನೆ, ಆಮೇಲೆ ಪೊಟ್ಟಣದ ಇನ್ನೊಂದು ತುದಿಯನ್ನು ಬಿಡುವುದೇ ಇಲ್ಲ. "ನಾ ಏನ ಹೇಳಿದೆ? ಹೊಳ್ಳಿ ಹೇಳು" ಅನ್ನುತ್ತಾನೆ. ಬಂದವರು ಜ್ವರದಲ್ಲಿ ಬೇಯುತ್ತಿರಲಿ, ಹೊರಗೆ ಬಸ್ಸು ಹಾರನ್ ಹೊಡೆಯುತ್ತಿರಲಿ, ಹೊಳ್ಳಿ ಹೇಳದೆ ಪೊಟ್ಟಣ ಕೈಗೆ ಬರುವುದಿಲ್ಲ. ಟ್ರ್ಯಾಕ್ಟರ್ ಹೊಡೆಯುವ ರಫೀಕ ಒಂದು ದಿನ ಕಿಂಡಿಗೆ ಬಾಯಿಟ್ಟು ಕೂಗಿದ: "ಹಾಲೇಶಣ್ಣಾ, ಊರಿಗೆಲ್ಲಾ ಕೊಡ್ತಿ, ಕಿವೀಗೆ ಒಂದು ಗುಳಿಗಿ ನೀನೂ ನುಂಗಬಾರದಾ?" ಸಾಲಿನಲ್ಲಿದ್ದವರೆಲ್ಲ ನಕ್ಕರು. ಹಾಲೇಶನೂ ನಕ್ಕಂತೆ ಮಾಡಿದ. ಆಮೇಲೆ ರಫೀಕನಿಗೂ, "ನಾ ಏನ ಹೇಳಿದೆ?" ಎಂದು ಕೇಳಿದ.

ಅವನ ಕಿವಿಗೆ ಏನೂ ಆಗಿಲ್ಲ. ಗೋಡೆಯಾಚೆ ಡಾಕ್ಟರು ನಿಟ್ಟುಸಿರು ಬಿಟ್ಟರೂ ಅವನಿಗೆ ಕೇಳಿಸುತ್ತದೆ. ಆಗಿರುವುದು ಬೇರೆ. ಅದು ಆದದ್ದು ಹೋದ ವರ್ಷದ ಶ್ರಾವಣದಲ್ಲಿ, ಎರಡಕ್ಷರದ ಒಂದು ಮಾತಿನಿಂದ.

ಶಂಭುಲಿಂಗ ಡಾಕ್ಟರ ದವಾಖಾನೆ ಎರಡೇ ಕೋಣೆಯದು. ಮುಂದಿನ ಕೋಣೆಯಲ್ಲಿ ಡಾಕ್ಟರು ನಾಡಿ ಹಿಡಿದು, ಎದೆಗೆ ನಳಿಗೆ ಇಟ್ಟು, ಬೇಕಾದರೆ ಸೂಜಿ ಮಾಡಿ, ಅಂಗೈ ಅಗಲದ ಚೀಟಿಯಲ್ಲಿ ನಾಲ್ಕು ಗೀಟು ಬರೆಯುತ್ತಾರೆ. ಆ ಚೀಟಿ ಹಿಡಿದುಕೊಂಡು ಯಾರೂ ಔಷಧಿ ಅಂಗಡಿಗೆ ಹೋಗುವುದಿಲ್ಲ. ಹಿಂದಿನ ಕೋಣೆಯ ಕಿಂಡಿಗೆ ಬರುತ್ತಾರೆ. ಅಲ್ಲಿ ಹಾಲೇಶ ಇರುತ್ತಾನೆ, ಅವನ ಬೆನ್ನಿಗೆ ಸಾಲಾಗಿ ಸಾವಿರ ಗುಳಿಗೆಯ ಡಬ್ಬಿಗಳು. ಹಾಳೆಯಲ್ಲಿ ಬರುವ ಗುಳಿಗೆಗಳನ್ನು ಅವನು ಮೊದಲೇ ಬಿಡಿಸಿ ಬೇರೆ ಡಬ್ಬಿಗೆ ಸುರಿದಿಟ್ಟಿರುತ್ತಾನೆ, ಯಾಕೆಂದರೆ ಗುಳಿಗೆಯ ಹೆಸರು ರೋಗಿಗೆ ಗೊತ್ತಾಗಬಾರದು. ಗೊತ್ತಾದರೆ ಮುಂದಿನ ಸಲ ಅವನು ಡಾಕ್ಟರ ಮುಖ ನೋಡದೆ ಹಿರೇಕೆರೂರಿನ ಅಂಗಡಿಗೆ ಹೋಗಿ ತೆಗೆದುಕೊಳ್ಳುತ್ತಾನೆ. ಇದು ಸುತ್ತಲಿನ ಊರುಗಳಲ್ಲೆಲ್ಲ ನಡೆದುಬಂದ ರೀತಿ. ಜನಕ್ಕೂ ಅದರಿಂದ ಬೇಜಾರಿರಲಿಲ್ಲ. ಜ್ವರದ್ದು ಬಿಳಿ, ಕೆಮ್ಮಿನದು ಕೆಂಪು, ಶಕ್ತಿಯದು ಹಸಿರು ಎಂದು ಬಣ್ಣ ಹೇಳಿ ಕೇಳುತ್ತಿದ್ದರು.

ಹಾಲೇಶನಿಗೆ ಈ ಕೆಲಸ ಕಲಿಸಿದವನು ಸವಣೂರಿನ ಬಂದೇಸಾಬ. ಅವನ ಮನೆತನದವರು ಎಲೆಬಳ್ಳಿ ತೋಟದವರು. ಕ್ಯಾಲೆಂಡರಿನ ಹಾಳೆಯನ್ನು ಕತ್ತರಿಸಿ, ಎಲೆ ಅಡಿಕೆ ಮಡಚಿದಂತೆ ಮೂರು ಮಡಿಕೆ ಮಾಡಿ ಕೊನೆಯ ಕಿವಿಯನ್ನು ಒಳಗೆ ಸಿಕ್ಕಿಸಿದರೆ ಪೊಟ್ಟಣ ಎಸೆದರೂ ಬಿಚ್ಚುತ್ತಿರಲಿಲ್ಲ. ಆ ಮಡಿಕೆ ಕಲಿಯಲು ಹಾಲೇಶನಿಗೆ ಒಂದು ದಿನ ಸಾಕಾಯಿತು. ಮಾತು ಕಲಿಯಲು ವರ್ಷ ಹಿಡಿಯಿತು. "ಗುಳಿಗಿ ಡಾಕ್ಟರು ಕೊಡ್ತಾರ. ಮಾತು ನೀ ಕೊಡಬೇಕು. ನಿನ್ನ ಮಾತು ಕೆಟ್ರ ಅವರ ಗುಳಿಗೀನೂ ಕೆಟ್ಟಂಗ, ತಿಳ್ಕೊ" ಎಂದು ಬಂದೇಸಾಬ ದಿನಕ್ಕೆ ಹತ್ತು ಸಲ ಹೇಳುತ್ತಿದ್ದ. ಓದಲು ಬಾರದವರ ಪೊಟ್ಟಣದ ಮೇಲೆ ಗುರುತು ಹಾಕುವುದನ್ನೂ ಅವನೇ ತೋರಿಸಿಕೊಟ್ಟ: ಗೆರೆಯ ಮೇಲೆ ಅರ್ಧ ಚಕ್ರ ಮುಂಜಾನೆ, ಪೂರ್ತಿ ಚಕ್ರ ಮಧ್ಯಾಹ್ನ, ಕುಡುಗೋಲಿನಂಥ ಚಂದ್ರ ರಾತ್ರಿ.

ಹಾಲೇಶ ಅದಕ್ಕೆ ತನ್ನದೂ ಒಂದಿಷ್ಟು ಸೇರಿಸಿದ. ಎಮ್ಮೆ ಕಟ್ಟಿದವರಿಗೆ "ಹಾಲು ಹಿಂಡೋ ಹೊತ್ತಿಗೆ" ಅನ್ನುವನು, ಕೂಲಿಯವರಿಗೆ "ಬುತ್ತಿ ಬಿಚ್ಚೂ ಮುಂದ" ಅನ್ನುವನು, ಮಸೂತಿ ಓಣಿಯವರಿಗೆ ನಮಾಜಿನ ಹೊತ್ತು ಹೇಳುವನು. ಯಾರಿಗೆ ಯಾವ ಮಾತು ನಾಟುತ್ತದೆ ಎಂಬುದು ಅವನಿಗೆ ಅವರ ಮುಖ ನೋಡಿದರೆ ತಿಳಿಯುತ್ತಿತ್ತು. ಇದರ ಬಗ್ಗೆ ಅವನಿಗೆ ಜಂಬವಿತ್ತು, ಇಲ್ಲ ಅನ್ನುವಂತಿಲ್ಲ. "ಮೂವತ್ತೊಂದು ವರ್ಷ ಆತು, ನನ್ನ ಕೈಯಾಗಿನ ಗುಳಿಗಿ ಒಬ್ಬರೂ ತಪ್ಪಿ ನುಂಗಿಲ್ಲ" ಎಂದು ಚಹದಂಗಡಿಯಲ್ಲಿ ಕಾಲ ಮೇಲೆ ಕಾಲು ಹಾಕಿ ಹೇಳುತ್ತಿದ್ದ. ಆ ಜಂಬ ಅವನಿಗೆ ಪುಕ್ಕಟೆ ಬಂದದ್ದಲ್ಲ. ಅವನು ಕೆಲಸಕ್ಕೆ ಸೇರಿದ ಹೊಸದರಲ್ಲಿ ದೊಡ್ಡ ಹೊಲದ ಕರಬಸಪ್ಪನವರು ಪೊಟ್ಟಣವನ್ನು ಅವನ ಕೈಯಿಂದ ಇಸಿದುಕೊಳ್ಳುತ್ತಿರಲಿಲ್ಲ. "ಅಲ್ಲೇ ಕಟ್ಟಿಮ್ಯಾಲ ಇಡು" ಅನ್ನುತ್ತಿದ್ದರು. ಹಾಲೇಶ ಕೆಳಗಿನ ಕೇರಿಯವನು. ಅದೇ ಕರಬಸಪ್ಪನವರು ಈಗ ಮೊಮ್ಮಗನನ್ನು ಎತ್ತಿಕೊಂಡು ಬಂದು, "ಹಾಲೇಶಪ್ಪಾ, ನೀನ ಒಂದ್ಸಲ ಬಿಡಿಸಿ ಹೇಳಪಾ, ಡಾಕ್ಟರು ಹೇಳಿದ್ದು ತಿಳೀಲಿಲ್ಲ" ಎಂದು ಅಂಗೈ ಚಾಚುತ್ತಾರೆ. ಆ ಅಂಗೈಯನ್ನು ಅವನು ಸಂಪಾದಿಸಿದ್ದು ಬರೀ ಮಾತಿನಿಂದ.

ಗುತ್ತೆವ್ವ ಅವನದೇ ಕೇರಿಯವಳು, ನಾಲ್ಕು ಮನೆ ಆಚೆ. ರಕ್ತಸಂಬಂಧವಲ್ಲ, ಆದರೂ ಅವನು ಅಕ್ಕಾ ಅನ್ನುತ್ತಿದ್ದ, ಅವಳು ತಮ್ಮಾ ಅನ್ನುತ್ತಿದ್ದಳು. ಗಂಡ ತೀರಿಹೋಗಿ ಹನ್ನೆರಡು ವರ್ಷ. ಮದಗದ ಕೆರೆಯ ಕೆಳಗಿನ ಗದ್ದೆಗಳಲ್ಲಿ ನಾಟಿ ಹಚ್ಚುವುದು, ಕಳೆ ತೆಗೆಯುವುದು ಅವಳ ಕೆಲಸ. ಒಬ್ಬಳೇ ಮಗಳು ನೀಲಾಂಬಿಕಾ. ಕೇರಿಯಲ್ಲಿ ಪಿಯುಸಿ ಮುಗಿಸಿದ ಮೊದಲ ಹುಡುಗಿ ಅವಳು. ರೇಷನ್ ಕಾರ್ಡಿನ ಕಾಗದ, ಬ್ಯಾಂಕಿನಿಂದ ಬಂದ ಪತ್ರ, ಕರೆಂಟ್ ಬಿಲ್ಲು ಏನೇ ಇರಲಿ, "ನೀಲಾ, ಇದನ್ನೊಂಚೂರು ಓದವಾ" ಎಂದು ಕೇರಿಯೇ ಅವಳ ಬಾಗಿಲಿಗೆ ಬರುತ್ತಿತ್ತು. ಮಗಳು ಓದುತ್ತಿದ್ದರೆ ಗುತ್ತೆವ್ವ ಪಕ್ಕದಲ್ಲಿ ಕುಳಿತು ಬಂದವರ ಮುಖ ನೋಡುತ್ತಿದ್ದಳು, ಹೆಂಗೈತಿ ನನ್ನ ಮಗಳು ಅನ್ನುವ ಹಾಗೆ.

ಎರಡು ವರ್ಷದಿಂದ ಗುತ್ತೆವ್ವನಿಗೆ ಕೈ ಸಂದುಗಳ ಬೇನೆ. ಮುಂಜಾನೆ ಎದ್ದರೆ ಬೆರಳು ಮಡಚುತ್ತಿರಲಿಲ್ಲ, ಸಸಿಯ ಕಟ್ಟು ಕೈಯಿಂದ ಜಾರಿಬೀಳುತ್ತಿತ್ತು. ದಾವಣಗೆರೆಯ ದೊಡ್ಡ ಡಾಕ್ಟರರು ನೋಡಿ ಸಣ್ಣದೊಂದು ಹಳದಿ ಗುಳಿಗೆ ಬರೆದುಕೊಟ್ಟರು. ಅದು ಬಲು ಜೋರಿನ ಗುಳಿಗೆ, ಏಳು ದಿನಕ್ಕೆ ಒಂದೇ ಒಂದು. ಶಂಭುಲಿಂಗ ಡಾಕ್ಟರ ಹತ್ತಿರ ಅದು ಮೊದಲೇ ಇತ್ತು, ಮಸೂತಿ ಓಣಿಯ ಕುಲಸುಮಬಿಗೂ ಅದೇ ಬೇನೆ. ಅವಳಿಗೆ ಹಾಲೇಶ ಒಂದೂವರೆ ವರ್ಷದ ಹಿಂದೆ ಮೊದಲ ಸಲ ಕೊಡುವಾಗ, "ಜುಮ್ಮಾದಿಂದ ಜುಮ್ಮಾಕ್ಕ ಒಂದು ನೋಡ್ರಿ ಬೂಬು. ನಡುವ ಮುಟ್ಟಬ್ಯಾಡ್ರಿ" ಎಂದಿದ್ದ. ಕುಲಸುಮಬಿ ಪ್ರತಿ ಶುಕ್ರವಾರ ಮಧ್ಯಾಹ್ನ ನಮಾಜಾದ ಮೇಲೆ ಒಂದು ನುಂಗಿ ಗಟ್ಟಿಮುಟ್ಟಾಗಿ ಗದ್ದೆಗೆ ಹೋಗುತ್ತಿದ್ದಳು.

ಗುತ್ತೆವ್ವ ಬಂದದ್ದು ಆಷಾಢದ ಕೊನೆಗೆ, ನಾಟಿಯ ಗಡಿಬಿಡಿಯಲ್ಲಿ. ತಿಂಗಳಿಗೆ ನಾಲ್ಕೇ ಗುಳಿಗೆ ಕೊಡುವುದು, ತಿಂಗಳಿಗೊಮ್ಮೆ ರಕ್ತ ತೋರಿಸುವುದು ಡಾಕ್ಟರ ಕಟ್ಟಳೆ. ಆದರೆ ಅವಳು ಕಿಂಡಿಗೆ ಬಂದು, "ತಮ್ಮಾ, ನಾಟಿ ಬಿಟ್ಟು ತಿಂಗಳ ತಿಂಗಳ ಬರೂದು ಆಗಂಗಿಲ್ಲೋ. ಮೂರು ತಿಂಗಳದ್ದು ಒಮ್ಮೆಲೆ ಕೊಡಿಸು" ಎಂದು ದುಂಬಾಲು ಬಿದ್ದಳು. ಹಾಲೇಶ ಒಳಗೆ ಹೋಗಿ, "ನಮ್ಮ ಕೇರಿಯಾಕಿನ ಸರ್, ನಾ ನೋಡ್ಕೊಳ್ತೇನಿ" ಎಂದ. ಡಾಕ್ಟರು ತಲೆ ಅಲ್ಲಾಡಿಸಿ, ನಾಲ್ಕನ್ನು ಹೊಡೆದುಹಾಕಿ ಹನ್ನೆರಡು ಎಂದು ಬರೆದರು.

ಎರಡು ಪೊಟ್ಟಣ ಕಟ್ಟಿದ. ಒಂದು ಬಿಳಿಯದು, ದಿನವೂ ನುಂಗುವುದು, ಅದರ ಮೇಲೆ ಅರ್ಧ ಚಕ್ರ. ಇನ್ನೊಂದು ಹಳದಿಯದು. ಏಳು ದಿನಕ್ಕೊಮ್ಮೆ ಅನ್ನುವುದಕ್ಕೆ ಬಂದೇಸಾಬನ ಗುರುತುಗಳಲ್ಲಿ ಯಾವುದೂ ಇರಲಿಲ್ಲ. ಮನೆಯಲ್ಲಿ ಓದುವ ಮಗಳಿದ್ದಾಳಲ್ಲ ಎಂದು ಹಾಲೇಶ ಪೆನ್ನು ತೆಗೆದು, ದಪ್ಪಗೆ, ಎರಡೇ ಅಕ್ಷರ ಬರೆದ: ವಾರ.

"ಇದು ದಿನದ್ದು, ಇದು ವಾರದ್ದು. ವಾರಕ್ಕ ಒಂದ. ಹೆಚ್ಚಿಗಿ ಬ್ಯಾಡ, ಕಡಿಮಿ ಬ್ಯಾಡ."

"ವಾರಕ್ಕೊಂದಾ?" ಎಂದಳು ಗುತ್ತೆವ್ವ.

"ವಾರಕ್ಕೊಂದ. ಒಂದು ವಾರಾನೂ ತಪ್ಪಸಬ್ಯಾಡ ಮತ್ತ."

ಅವಳು ಎರಡನ್ನೂ ಸೆರಗಿನ ತುದಿಗೆ ಕಟ್ಟಿಕೊಂಡು ಹೋದಳು. ಹಿಂದೆ ನಿಂತವರ ಚೀಟಿ ಇಸಿದುಕೊಳ್ಳಲು ಹಾಲೇಶ ಕೈ ಚಾಚಿದ.

ಆ ಕೇರಿಯಲ್ಲಿ ವಾರ ಅಂದರೆ ಏಳು ದಿನ ಅನ್ನುವುದು ಆಮೇಲಿನ ಮಾತು. ಮೊದಲ ಅರ್ಥ, ದೇವರಿಗೆಂದು ಹಿಡಿದ ದಿನ. ಆ ದಿನ ಒಪ್ಪತ್ತು, ಹೊತ್ತು ಮುಳುಗಿದ ಮೇಲೆ ಒಂದೇ ಊಟ. "ಇವತ್ತ ನಂದು ವಾರ ಐತಿ" ಎಂದರೆ ಯಾರೂ ಚಹ ಕುಡಿ ಎಂದು ಸಹ ಒತ್ತಾಯ ಮಾಡುವುದಿಲ್ಲ. ಗುತ್ತೆವ್ವನದು ಮಂಗಳವಾರ ಮತ್ತು ಶುಕ್ರವಾರ, ದುರ್ಗವ್ವನ ಹೆಸರಿನಲ್ಲಿ. ಇದು ಹಾಲೇಶನಿಗೆ ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು. ಅವನ ಅವ್ವ ಸಾಯುವವರೆಗೂ ಮಂಗಳವಾರ ಹಿಡಿದವಳು. ಕುಲಸುಮಬಿಗೆ ಹೇಳುವಾಗ ಅವಳದು ಬೇರೆ ಮಾತು ಎಂದು ಹುಡುಕಿ ಹೇಳಿದ್ದ. ಗುತ್ತೆವ್ವ ತನ್ನವಳು, ತನ್ನ ಮಾತಿನವಳು. ಇವಳಿಗೇನು ಬಿಡಿಸಿ ಹೇಳುವುದು ಎಂದು ಅವನ ನಾಲಿಗೆ ಹುಡುಕುವ ಗೋಜಿಗೇ ಹೋಗಲಿಲ್ಲ.

ಮೊದಲ ಮಂಗಳವಾರ ಸಂಜೆ ಗುತ್ತೆವ್ವ ಊಟ ಮಾಡಿ ಒಂದು ನುಂಗಿದಳು. ಶುಕ್ರವಾರ ಒಂದು, ಮತ್ತೆ ಮಂಗಳವಾರ ಒಂದು. ಅಷ್ಟರಲ್ಲಿ ಶ್ರಾವಣ ಬಂತು. ಕೈ ಬೇನೆ ಹೋದರೆ ಶ್ರಾವಣ ತಿಂಗಳು ಪೂರ್ತಿ ವಾರ ಹಿಡಿಯುತ್ತೇನೆ ಎಂದು ಅವಳು ದುರ್ಗವ್ವನಿಗೆ ಬೇಡಿಕೊಂಡಿದ್ದಳು. ಬೆರಳು ಸ್ವಲ್ಪ ಸಡಿಲವಾದಂತೆ ಕಂಡದ್ದರಿಂದ ಹರಕೆ ಶುರುವಾಯಿತು. ಈಗ ದಿನವೂ ವಾರ. ದಿನವೂ ಸಂಜೆ ಒಂದು ಹಳದಿ ಗುಳಿಗೆ.

ಪಂಚಮಿಯ ಮರುದಿನ ಗುತ್ತೆವ್ವ ಕಿಂಡಿಗೆ ಬಂದಳು. ಡಾಕ್ಟರು ಹಬ್ಬಕ್ಕೆಂದು ಶಿಗ್ಗಾವಿಯ ಬೀಗರ ಮನೆಗೆ ಹೋಗಿದ್ದರು. ಅಂಥ ದಿನ ಸಣ್ಣಪುಟ್ಟದ್ದಕ್ಕೆ ಹಾಲೇಶನೇ ಔಷಧಿ ಕೊಡುತ್ತಿದ್ದ. ಅವಳ ತುಟಿ ಒಡೆದಿತ್ತು, ಬಾಯೊಳಗೆ ಬಿಳಿ ಹುಣ್ಣು.

"ಪಂಚಮಿ ಉಂಡಿ ಒಂದು ಚೂರು ಬಾಯಾಗ ಇಡಾಕ ಆಗಲಿಲ್ಲ ತಮ್ಮಾ. ಉರಿ ಅಂದ್ರ ಉರಿ."

"ಒಪ್ಪತ್ತು ಮಾಡಿ ಮಾಡಿ ಹೀಟಾಗೇತಿ ಅಕ್ಕಾ" ಎಂದ ಹಾಲೇಶ. ಬಾಯಿಗೆ ಹಚ್ಚುವ ನೇರಳೆ ಬಣ್ಣದ ಔಷಧಿಯ ಸಣ್ಣ ಬಾಟಲಿ ಕೊಟ್ಟ. ಆಮೇಲೆ ನೆನಪಾಗಿ ಕೇಳಿದ: "ವಾರದ ಗುಳಿಗಿ ಬರೋಬ್ಬರಿ ತಗೊಳ್ಳಾಕತ್ತೀಯಲ್ಲ?"

"ಒಂದು ವಾರಾನೂ ತಪ್ಪಿಸಿಲ್ಲಪಾ."

"ಶಾಬಾಸ್. ಹಂಗ ಇರಬೇಕು."

ಅವಳು ಹೋಗಲಿಲ್ಲ. "ಗುಳಿಗಿ ಮುಗಿಯಾಕ ಬಂದಾವು" ಎಂದಳು. ಹಿಂದೆ ಹದಿನೈದು ಜನ ನಿಂತಿದ್ದರು, ಹಬ್ಬ ಉಂಡು ಹೊಟ್ಟೆ ಕೆಡಿಸಿಕೊಂಡವರೇ ಹೆಚ್ಚು. ಬಿಳಿ ಗುಳಿಗೆಯ ಮಾತು ಇರಬೇಕೆಂದು ಹಾಲೇಶ ಹತ್ತು ಬಿಳಿ ಗುಳಿಗೆ ಎಣಿಸಿ ಕಟ್ಟಿಕೊಟ್ಟ. ಅವಳು ಇನ್ನೇನೋ ಹೇಳಲು ಬಾಯಿ ತೆರೆದಳು. ಹುಣ್ಣಿನ ಉರಿಗೆ ಮುಖ ಹಿಂಡಿ, ಬಾಯಿ ಮುಚ್ಚಿಕೊಂಡು ಹೊರಟುಹೋದಳು. ಆ ತೆರೆದ ಬಾಯಿ ಹಾಲೇಶನಿಗೆ ಈಗಲೂ ಕಾಣುತ್ತದೆ, ಸಾಲಿನಲ್ಲಿ ಯಾರೇ ನಿಂತಿರಲಿ.

ಶನಿವಾರ ಅವಳಿಗೆ ಜ್ವರ ಬಂತು. ಭಾನುವಾರ ವಸಡಿನಿಂದ ರಕ್ತ ಒಸರಿ, ಮೈಮೇಲೆ ಅಲ್ಲಲ್ಲಿ ಹೊಡೆದಂತೆ ನೀಲಿ ಕಲೆ ಎದ್ದು ಎಚ್ಚರ ತಪ್ಪಿತು. ನೀಲಾಂಬಿಕಾ ಊರವರ ಕಾರು ಮಾಡಿಕೊಂಡು ಹಾವೇರಿಯ ಆಸ್ಪತ್ರೆಗೆ ಸೇರಿಸಿದಳು. ಸೋಮವಾರ ಬೆಳಿಗ್ಗೆ ಹಾಲೇಶನಿಗೆ ಫೋನ್ ಬಂತು.

"ಮಾಮಾ, ಅವ್ವ ಯಾವ ಗುಳಿಗಿ ತಗೊಳ್ಳಾಕತ್ತಿದ್ಲು ಅಂತ ಕೇಳಾಕತ್ತಾರ. ಒಂದು ಬಿಳೇದು, ಒಂದು ಹಳದಿ ಅಂದೆ. ಹೆಸರು ಹೇಳು ಅಂತ ಬೈಯಾಕತ್ತಾರ. ನನಗೆಲ್ಲಿ ಹೆಸರು ಗೊತ್ತೈತಿ?"

ಹಾಲೇಶ ಫೋನನ್ನು ಡಾಕ್ಟರ ಕೈಗೆ ಕೊಟ್ಟ. ಅವರು ಹೆಸರು ಹೇಳಿದರು, ಏಳು ದಿನಕ್ಕೊಂದು ಎಂದೂ ಹೇಳಿದರು. ಅತ್ತ ಕಡೆಯವರು ಬರೆದುಕೊಂಡರು. ಇತ್ತ ಹಾಲೇಶ ಕಿಂಡಿಗೆ ಬಂದ. ಎದುರಿಗೆ ಕುಲಸುಮಬಿ ನಿಂತಿದ್ದಳು, ಅವಳ ನಾಲ್ಕು ಹಳದಿ ಗುಳಿಗೆ ತೀರಿದ್ದವು.

"ಗುತ್ತೆವ್ವಗ ಭಾಳ ಆಗೇತಂತ ಹೌದೇನಪಾ?" ಎಂದಳು ಕುಲಸುಮಬಿ. "ನಾ ಗದ್ಯಾಗ ಬಡ್ಕೊಂಡೆ, ಉಣ್ಣ ಬೇ, ಇಂಥಾ ಕೆಲಸದಾಗ ಉಪಾಸ ಬ್ಯಾಡ ಅಂತ. ಎಲ್ಲಿ ಕೇಳ್ತಾಳ? ಶ್ರಾವಣ ಪೂರ್ತಿ ದಿನಾ ವಾರ, ದಿನಾ ವಾರ."

ಹಾಲೇಶನ ಕೈಯಲ್ಲಿದ್ದ ನಾಲ್ಕು ಗುಳಿಗೆ ಕಟ್ಟೆಯ ಮೇಲೆ ಬಿದ್ದು ಉರುಳಿದವು. ಒಂದು ಕೆಳಗೆ ಬಿತ್ತು. ಅವನು ಹೆಕ್ಕಲಿಲ್ಲ. ಒಂದು ವಾರಾನೂ ತಪ್ಪಿಸಿಲ್ಲಪಾ. ಗುಳಿಗಿ ಮುಗಿಯಾಕ ಬಂದಾವು. ಎರಡೂ ಮಾತು ಈಗ ತಮ್ಮ ಅರ್ಥ ಹೊತ್ತುಕೊಂಡು ಬಂದು ಎದುರಿಗೆ ನಿಂತವು. ಅವನು ಮುಂದಿನ ಕೋಣೆಗೆ ನುಗ್ಗಿ, ಸೂಜಿ ಮಾಡಿಸಿಕೊಳ್ಳಲು ಕುಂತವರ ಮುಂದೆಯೇ ಡಾಕ್ಟರ ಕೈ ಹಿಡಿದುಕೊಂಡ.

ಡಾಕ್ಟರು ಹಾವೇರಿಗೆ ತಾವೇ ಫೋನ್ ಮಾಡಿ ನಡೆದದ್ದನ್ನು ಹೇಳಿದರು. ಅಷ್ಟರಮಟ್ಟಿಗೆ ಅವರನ್ನು ದೂರುವಂತಿಲ್ಲ. ಅಲ್ಲಿಯವರು ತಡಮಾಡದೆ ಅದಕ್ಕೆ ಬೇಕಾದ ಔಷಧಿ ಶುರುಮಾಡಿದರಂತೆ. ಆದರೆ ಗುತ್ತೆವ್ವನ ರಕ್ತದಲ್ಲಿ ಆಗ ಹೋರಾಡುವುದಕ್ಕೆ ಏನೂ ಉಳಿದಿರಲಿಲ್ಲ. ಬುಧವಾರ ಮಧ್ಯಾಹ್ನ ತೀರಿಕೊಂಡಳು. ಮಗಳಿಗೆ ವಾರ್ಡಿನಲ್ಲಿ ಹೇಳಿದ್ದು ಬಿಳಿ ರಕ್ತಕಣ ಇಳಿದುಹೋಗಿದ್ದವು ಎಂದು. ಅದರಿಂದ ಯಾರಿಗೆ ಏನು ತಿಳಿಯಬೇಕು?

ಮಣ್ಣು ಮಾಡಿ ಬಂದ ದಿನ ಹಾಲೇಶ ದವಾಖಾನೆಯ ಮೆಟ್ಟಿಲ ಮೇಲೆ ಕುಳಿತಿದ್ದ. ಡಾಕ್ಟರು ಹೊರಗೆ ಬಂದು ಪಕ್ಕದಲ್ಲಿ ನಿಂತರು. ಮೂವತ್ತೊಂದು ವರ್ಷದಲ್ಲಿ ಅವರು ಹಾಗೆ ಬಂದು ನಿಂತದ್ದು ಅದೇ ಮೊದಲು.

"ಹಾಲೇಶ, ನಾ ಬರದಿದ್ದು ಸರಿ ಐತಿ. ನೀ ಹೇಳಿದ್ದೂ ಸರಿ ಐತಿ. ಆಕಿ ತಿಳ್ಕೊಂಡಿದ್ದು ತಪ್ಪಾತು. ಅದಕ್ಕ ಯಾರ ಏನ ಮಾಡೂದು?" ಎಂದರು. ಆಮೇಲೆ, "ಮನೀಯವರ ಮುಂದ ಇದನ್ನ ಎತ್ತಬ್ಯಾಡ. ಸತ್ತಾಕಿ ಎದ್ದು ಬರಂಗಿಲ್ಲ. ನಾಳೆ ಒಬ್ಬರೂ ನಿನ್ನ ಕೈಯಾಗಿನ ಗುಳಿಗಿ ಮುಟ್ಟಂಗಿಲ್ಲ, ನೋಡ್ಕೊ" ಎಂದರು.

ಹಾಲೇಶನಿಗೆ ಕರಬಸಪ್ಪನವರ ಅಂಗೈ ನೆನಪಾಯಿತು. ಅದು ನೆನಪಾದದ್ದಕ್ಕೆ ಅವನಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು. ಆದರೂ ಡಾಕ್ಟರಿಗೆ "ಹೂಂ ಸರ್" ಎಂದ.

ಹನ್ನೆರಡು ದಿನ ಅವನು ಆ ಹೂಂಗೆ ಕಟ್ಟುಬಿದ್ದ. ನಾಲ್ಕು ಮನೆ ಆಚೆಯ ಬಾಗಿಲಿನ ಮುಂದೆ ಹೋಗಬಾರದೆಂದು ಸುತ್ತುಬಳಸಿ ಬರುತ್ತಿದ್ದ. ಹದಿಮೂರನೇ ದಿನ ನೀಲಾಂಬಿಕಾ ತಾನೇ ಕಿಂಡಿಗೆ ಬಂದಳು. ಆಗ ಮಧ್ಯಾಹ್ನ, ಸಾಲು ಕರಗಿತ್ತು, ಡಾಕ್ಟರು ಊಟಕ್ಕೆ ಹೋಗಿದ್ದರು. ಸತ್ತವರ ಮನೆಯಲ್ಲಿ ಉಳಿದ ಔಷಧಿಯನ್ನು ದವಾಖಾನೆಗೆ ತಂದು ಕೊಡುವ ರೂಢಿ ಅಲ್ಲಿದೆ, ಮತ್ತೊಬ್ಬ ಬಡವರಿಗೆ ಆದೀತು ಎಂದು. ಹಾಲೇಶನೇ ಮಾಡಿದ ರೂಢಿ ಅದು. ಅವಳು ಸೆರಗಿನಿಂದ ಒಂದೊಂದಾಗಿ ತೆಗೆದಿಟ್ಟಳು: ಬಿಳಿಯ ಪೊಟ್ಟಣ, ಅರ್ಧ ತುಂಬಿದ ನೇರಳೆ ಬಾಟಲಿ. ಕೊನೆಗೆ, ಮಡಿಕೆ ಸವೆದುಹೋದ ಸಣ್ಣ ಪೊಟ್ಟಣ. ಮೇಲೆ ಅವನ ಕೈಬರಹ.

"ಇದರಾಗ ಒಂದು ಉಳೀತು ಮಾಮಾ."

ಹಾಲೇಶ ಮುಟ್ಟಲಿಲ್ಲ.

"ಅವತ್ತ ಶನಿವಾರ ಅವ್ವಗ ಬಾಯಿ ತೆರಿಯಾಕ ಆಗವಲ್ದು. ಜ್ವರ ಬ್ಯಾರೆ. ನಾ ಮುಂಜಾನೆ ಗಂಜಿ ಕಾಸಿ ಕುಡಿಸಾಕ ಹ್ವಾದೆ. ವಾರ ಐತಿ, ಬ್ಯಾಡ ಅಂತ ಕೈ ಅಡ್ಡ ಹಿಡಿದ್ಲು. ನಾ ಕೇಳಲಿಲ್ಲ. ಕೈ ಹಿಡದು ಬಾಯಾಗ ಹಾಕಿದೆ." ಅವಳ ಧ್ವನಿ ಸಮವಾಗಿಯೇ ಇತ್ತು, ಇದನ್ನು ಎಷ್ಟೋ ಸಲ ತನಗೆ ತಾನೇ ಹೇಳಿಕೊಂಡವಳ ಹಾಗೆ. "ವಾರ ಮುರೀತು ಅಂತ ಅವತ್ತ ಗುಳಿಗೀನೂ ಮುಟ್ಟಲಿಲ್ಲ. ಮರುದಿನ ಎಚ್ಚರ ಇಲ್ಲ. ಇಡೀ ಶ್ರಾವಣ ಹಿಡೀತೇನಿ ಅಂತ ದುರ್ಗವ್ವಗ ಮಾತು ಕೊಟ್ಟಿದ್ಲು ಮಾಮಾ. ನಾ ಮುರಿದೆ. ನಾ ಆ ಗಂಜಿ ಕುಡಿಸದಿದ್ರ ಅವ್ವ ಇರತಿದ್ಲು."

ಈಗ ಸುಮ್ಮನಿದ್ದರೂ ಆಗುತ್ತಿತ್ತು. ಸುಮ್ಮನಿರು ಎಂದು ಹೇಳಿದವರೂ ಇದ್ದರು. ದೇವರ ಸಿಟ್ಟು ಎಂದು ನಂಬಿಕೊಂಡರೆ ಹುಡುಗಿ ಮೂರು ವರ್ಷ ಅತ್ತು ನಾಲ್ಕನೇ ವರ್ಷ ಹರಕೆ ತೀರಿಸಿ ಸಮಾಧಾನವಾಗುತ್ತಿದ್ದಳೋ ಏನೋ. ಆದರೆ ಮಾಡದ ತಪ್ಪನ್ನು ತಲೆಯ ಮೇಲೆ ಹೊತ್ತು ಎದುರಿಗೆ ನಿಂತ ಆ ಮುಖವನ್ನು ಹಾಲೇಶನಿಂದ ನೋಡಲಾಗಲಿಲ್ಲ. ಇದೊಂದನ್ನು ಅವಳ ತಲೆಯಿಂದ ಇಳಿಸುತ್ತೇನೆ, ಆಮೇಲೆ ಬಂದದ್ದು ಬರಲಿ ಅಂದುಕೊಂಡ.

"ಗಂಜಿ ಅಲ್ಲ ನೀಲಾ" ಎಂದ. "ಗಂಜಿ ಕುಡಿಸಿದ್ದು ಚಲೋನ ಮಾಡಿದಿ. ಈ ಗುಳಿಗಿ ಏಳು ದಿನಕ್ಕ ಒಂದು. ನಾ ವಾರ ಅಂದೆ. ಅಕ್ಕ ತನ್ನ ವಾರ ತಿಳ್ಕೊಂಡ್ಲು. ದಿನಾ ನುಂಗಿದ್ಲು. ಅದರಿಂದ ಆತು. ನಾ ಬಿಡಿಸಿ ಹೇಳಲಿಲ್ಲ. ತಪ್ಪು ನಂದು. ದುರ್ಗವ್ವಂದೂ ಅಲ್ಲ, ನಿಂದೂ ಅಲ್ಲ."

ಹೇಳಿ ಮುಗಿಸಿದಾಗ ಅವನಿಗೆ ಮೈ ಹಗುರ ಅನಿಸಿತು. ಆ ಹಗುರ ಎರಡು ಉಸಿರಿನಷ್ಟು ಹೊತ್ತೂ ಇರಲಿಲ್ಲ.

ನೀಲಾಂಬಿಕಾ ಪೊಟ್ಟಣವನ್ನು ನೋಡುತ್ತ ನಿಂತಿದ್ದಳು. ತುಟಿ ಅಲ್ಲಾಡಿತು. ಓದುತ್ತಿದ್ದಳು.

"ದಿನಾ ಸಂಜೀಕ ಅವ್ವ ಕೇಳ್ತಿದ್ಲು," ಎಂದಳು. "ನೀಲಾ, ಯಾವ ಪೊಟ್ಟಣ ನೋಡವಾ, ಏನ ಬರದೈತಿ ಓದು ಅಂತ. ನಾ ಓದಿ ಹೇಳ್ತಿದ್ದೆ, ವಾರ ಅಂತ ಬರದೈತಿ ಬೇ ಅಂತ. ನಾನ ತಗದು ಆಕಿ ಕೈಯಾಗ ಇಡ್ತಿದ್ದೆ."

"ಬರದಾಂವ ನಾ ನೀಲಾ. ನೀ ಅಲ್ಲ."

"ಓದಿದಾಕಿ ನಾ."

"ನಿನಗೇನ ಗೊತ್ತು ನೀಲಾ..."

"ನಾ ಪಿಯುಸಿ ಓದೇನಿ ಮಾಮಾ. ಅವ್ವ ಓದಿದಾಕಿ ಅಲ್ಲ. ವಾರ ಅಂದ್ರ ಏಳು ದಿನ ಅನ್ನೂದು ನನಗ ಗೊತ್ತಿತ್ತಲ್ಲ." ಅವಳು ತಲೆ ಎತ್ತಿ ಅವನನ್ನು ನೋಡಿದಳು, ಅವನೇನಾದರೂ ಇಲ್ಲ ಅಂದಾನೋ ಎಂದು ಕಾಯುವ ಹಾಗೆ. ಹಾಲೇಶನ ಬಳಿ ಮೂವತ್ತೊಂದು ವರ್ಷದಲ್ಲಿ ಕೂಡಿಟ್ಟ ಮಾತುಗಳಿದ್ದವು, ಎಮ್ಮೆಯವರಿಗೊಂದು, ಕೂಲಿಯವರಿಗೊಂದು. ಅವಳಿಗೆ ಕೊಡಲು ಒಂದೂ ಸಿಗಲಿಲ್ಲ. ಅವಳು ಆ ಸಣ್ಣ ಪೊಟ್ಟಣವನ್ನು ಕಟ್ಟೆಯ ಮೇಲಿಂದ ತೆಗೆದುಕೊಂಡು ಹೋದಳು. ಅದನ್ನು ಅವನು ತಡೆಯಲೂ ಇಲ್ಲ.

ಅವಳು ಯಾರಿಗೂ ಹೇಳಲಿಲ್ಲ. ಕೇರಿಯವರು ಬಂದು ಬೈಯುತ್ತಾರೆ, ಕಿಂಡಿಗೆ ಕಲ್ಲು ಬೀಳುತ್ತದೆ ಎಂದು ಹಾಲೇಶ ದಿನವೂ ಕಾದ. ಏನೂ ಆಗಲಿಲ್ಲ. ಕರಬಸಪ್ಪನವರು ಎಂದಿನಂತೆ ಬಂದು ಅಂಗೈ ಚಾಚಿದರು. ಹೊಡೆಸಿಕೊಂಡಿದ್ದರೆ ಒಂದು ಕಡೆ ಮುಗಿಯುತ್ತಿತ್ತು ಎಂದು ಅವನಿಗೆ ಎಷ್ಟೋ ಸಲ ಅನಿಸಿತು. ಆಗಿನಿಂದಲೇ ಅವನು "ಹೊಳ್ಳಿ ಹೇಳು" ಎಂದು ಶುರುಮಾಡಿದ್ದು. ಹಳದಿ ಗುಳಿಗೆಯನ್ನು ಈಗ ಹಾಳೆಯಿಂದ ಬಿಡಿಸುವುದಿಲ್ಲ. ಹೆಸರಿದ್ದ ಹಾಗೆಯೇ ಕತ್ತರಿಸಿ, ಒಂದು ಸಲಕ್ಕೆ ನಾಲ್ಕೇ ಕೊಡುತ್ತಾನೆ. ಡಾಕ್ಟರು ಅದನ್ನು ನೋಡಿಯೂ ನೋಡದ ಹಾಗಿದ್ದಾರೆ.

ಈ ಸಲದ ಚಳಿಗಾಲದಲ್ಲಿ ಒಂದು ಮುಂಜಾನೆ ಸಾಲಿನಲ್ಲಿ ನೀಲಾಂಬಿಕಾ ಇದ್ದಳು. ಕೆಮ್ಮು. ಅವ್ವನ ಜಾಗದಲ್ಲಿ ಈಗ ಅವಳೇ ಗದ್ದೆಗೆ ಹೋಗುತ್ತಾಳೆ, ಕೈ ಒರಟಾಗಿದೆ. ಅವಳ ಸರದಿ ಬಂದಾಗ ಹಾಲೇಶ ಪೊಟ್ಟಣ ಕಟ್ಟಿ, ಮೇಲೆ ಬಿಡಿಬಿಡಿಯಾಗಿ ಪೂರ್ತಿ ವಾಕ್ಯ ಬರೆದ. ಬರೆಯುವಾಗ ಪೆನ್ನು ಎರಡು ಸಲ ನಿಂತಿತು.

"ಮುಂಜಾನೆ ಒಂದು, ರಾತ್ರಿ ಒಂದು. ಐದು ದಿನ. ಉಂಡ ಮ್ಯಾಲ. ಹೊಳ್ಳಿ ಹೇಳು."

"ಮುಂಜಾನೆ ಒಂದು, ರಾತ್ರಿ ಒಂದು. ಐದು ದಿನ. ಉಂಡ ಮ್ಯಾಲ."

ಒಂದಕ್ಷರ ತಪ್ಪಿರಲಿಲ್ಲ. ಆದರೂ ಹಾಲೇಶನ ಬೆರಳು ಪೊಟ್ಟಣವನ್ನು ಬಿಡಲಿಲ್ಲ. "ಇದರ ಮ್ಯಾಲ ಬರದೇನಿ ನೀಲಾ. ಸರಿ ಐತೇನು, ಒಂದ್ಸಲ ಓದಿ ನೋಡು" ಎಂದ. ಅದು ಅಪ್ಪಣೆಯಾಗಿರಲಿಲ್ಲ, ಬೇಡಿಕೆಯಾಗಿತ್ತು.

ಅವಳು ಪೊಟ್ಟಣದ ಮೇಲೆ ಕಣ್ಣು ಇಳಿಸಲೇ ಇಲ್ಲ. ಹಿಂದೆ ನಿಂತಿದ್ದ ಮುದಕವ್ವ ಒಮ್ಮೆ ಕ್ಯಾಕರಿಸಿದಳು.

"ನನಗ ಓದಾಕ ಬರಂಗಿಲ್ಲರಿ" ಎಂದಳು ನೀಲಾಂಬಿಕಾ. ಮಾಮಾ ಅನ್ನಲಿಲ್ಲ. ಪೊಟ್ಟಣವನ್ನು ಮೆಲ್ಲಗೆ ಅವನ ಬೆರಳಿನಿಂದ ಬಿಡಿಸಿಕೊಂಡು ಹೋದಳು.